ಹಾಲು ಒಕ್ಕೂಟದ ಕಡತಗಳನ್ನು ಪೆನ್ಸಿಲ್‌ನಿಂದ ನಕ್ಷೆಗಿಳಿಸಿದ ನನ್ನ ಅನುಭವ

ಜಿಲ್ಲಾ ಹಾಲು ಒಕ್ಕೂಟವೊಂದರ ಅರ್ಜಿ ನಮೂನೆ, ಸುತ್ತೋಲೆ ಮತ್ತು ಜಾಲತಾಣದ ಪುಟಗಳನ್ನು ಕ್ರಮಪಡಿಸಿಕೊಡುವ ಕೆಲಸವನ್ನು ಮೂರು ತಿಂಗಳ ಅಂದಾಜಿನಲ್ಲಿ ಒಪ್ಪಿಕೊಂಡೆ. ಅದು ಮುಗಿಯಲು ಹನ್ನೊಂದು ತಿಂಗಳು ಹಿಡಿಯಿತು, ಮೊದಲ ಐದು ತಿಂಗಳ ದುಡಿಮೆಯಲ್ಲಿ ಏನೂ ಉಳಿಯಲಿಲ್ಲ. ಕೈಯಲ್ಲಿ ಬರೆದ ನಕ್ಷೆಗಳಿಂದ ಇಂಥ ಕೆಲಸ ಆಗುವುದಿಲ್ಲವೆಂದು, ಮಾಹಿತಿಯನ್ನು ಕ್ರಮಪಡಿಸುವ ನಮ್ಮ ವೃತ್ತಿಯವರೇ ಹಲವರು ಹೇಳಿದ್ದರು. ಆದದ್ದು ಅವುಗಳಿಂದಲೇ ಆದ್ದರಿಂದ ಇದನ್ನು ಬರೆದಿಡುತ್ತಿದ್ದೇನೆ.

ಮೊದಲು ಎಲ್ಲರೂ ಮಾಡುವಂತೆ ಅವೆಲ್ಲವುಗಳ ಎಕ್ಸೆಲ್ ಪಟ್ಟಿ ಮಾಡಿದೆ. ಸುಮಾರು 1,400 ಸಾಲುಗಳಾದವು, ಇಬ್ಬರು ಹುಡುಗರಿಗೆ ಎರಡು ತಿಂಗಳು ಸಂಬಳ ಕೊಟ್ಟೆ. ಪಟ್ಟಿಯಲ್ಲಿ ತಪ್ಪೇನೂ ಇರಲಿಲ್ಲ, ಆದರೆ ಯಾವ ಅಧಿಕಾರಿಯೂ ಅದರ ಮೊದಲ ಪುಟ ದಾಟಲಿಲ್ಲ. ಬಳಿಕ ಚಂದಾ ಕಟ್ಟಿ ಒಂದು ತಂತ್ರಾಂಶ ತೆಗೆದುಕೊಂಡು, ವಿಭಾಗಗಳನ್ನು ಚೌಕ ಮತ್ತು ಬಾಣಗಳಲ್ಲಿ ತೋರಿಸುವ ದೊಡ್ಡ ಚಿತ್ರವನ್ನು ಪ್ಲಾಟರ್ ಎಂಬ ದೊಡ್ಡ ಹಾಳೆಯ ಮುದ್ರಣಯಂತ್ರದಲ್ಲಿ ಮುದ್ರಿಸಿ ಸಭೆಯ ಗೋಡೆಗೆ ಅಂಟಿಸಿದೆ. ಶೇಖರಣಾ ವಿಭಾಗದ ಚೌಕ ಮಾರುಕಟ್ಟೆ ವಿಭಾಗದ ಚೌಕಕ್ಕಿಂತ ಕೆಳಗೇಕೆ ಬಂತು ಎಂಬ ಚರ್ಚೆಯಲ್ಲೇ ಆ ಮಧ್ಯಾಹ್ನ ಕಳೆಯಿತು. ಎರಡೂ ಸೇರಿ ಅರವತ್ತು ಸಾವಿರ ರೂಪಾಯಿಯ ಹತ್ತಿರ ಕೈಬಿಟ್ಟಿತು.

ಆ ದಿನಗಳಲ್ಲೇ ನಮ್ಮ ಜಮೀನಿನ ಪೋಡಿಗಾಗಿ, ಅಂದರೆ ಅದನ್ನು ಅಳೆದು ಭಾಗ ಮಾಡಿಸಲು, ಹಳೆಯ ಸರ್ವೆ ಟಿಪ್ಪಣಿಯ ನಕಲು ತೆಗೆಸಿದ್ದೆ. ಅದು ಅಳತೆಗೋಲಿಗೆ ಸರಿಯಾಗಿ ಬರೆದ ನಕ್ಷೆಯಲ್ಲ. ಸ್ಥಳದಲ್ಲೇ ನಿಂತು ಕೈಯಲ್ಲಿ ಗೆರೆ ಎಳೆದು ಅಳತೆಗಳನ್ನು ಪಕ್ಕದಲ್ಲಿ ನಮೂದಿಸಿದ ಚಿತ್ರ. ಆದರೂ ಹೊಲದ ಗಡಿ ನಿಲ್ಲುವುದು ಅದರ ಆಧಾರದ ಮೇಲೆ. ಕಚೇರಿಯಲ್ಲಿ ಕುಳಿತು ಒಕ್ಕೂಟವನ್ನು ಬರೆಯುವುದನ್ನು ನಾನು ಅಂದೇ ನಿಲ್ಲಿಸಿ, ಡ್ರಾಯಿಂಗ್ ಶೀಟು ಸುತ್ತಿಕೊಂಡು ಹಳ್ಳಿಯ ಡೇರಿಗಳಿಗೆ ಹೊರಟೆ.

ವಿಭಾಗಗಳನ್ನು ಬಿಟ್ಟು, ಒಂದು ಕಾಗದ ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನಷ್ಟೇ ಬರೆಯತೊಡಗಿದೆ. ಮೊದಲು ಎತ್ತಿಕೊಂಡದ್ದು ರಾಸು ವಿಮೆಯ ಪರಿಹಾರದ ಅರ್ಜಿ. ಹಳ್ಳಿಯ ಡೇರಿ ನಡೆಸುವ ಒಂದು ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಯವರು ನನ್ನ ಗೆರೆಯನ್ನು ಸ್ವಲ್ಪ ಹೊತ್ತು ನೋಡಿ, "ಕೊಡಿ ಸಾರ್ ಇಲ್ಲಿ, ಇದು ಹೀಗೆ ಹೋಗಿ ಹೀಗೆ ವಾಪಸ್ ಬರುತ್ತೆ" ಎಂದು ಪೆನ್ಸಿಲ್ ತೆಗೆದುಕೊಂಡು ಹಿಮ್ಮುಖವಾಗಿ ಒಂದು ಬಾಣ ಎಳೆದರು. ಕಾರಣ ಕೇಳಿದಾಗ ಕಡತ ತೆರೆದು ತೋರಿಸಿದರು. ಹಳೆಯ ನಮೂನೆಯಲ್ಲಿ ರಾಸಿನ ಕಿವಿಗೆ ಹಾಕುವ ಗುರುತಿನ ಓಲೆಯ 12 ಅಂಕಿಗಳಿಗೆ ಜಾಗವೇ ಇರಲಿಲ್ಲ. ಅವರು ಅದನ್ನು ಅಂಚಿನಲ್ಲಿ ಬರೆಯುತ್ತಿದ್ದರು. ಜೆರಾಕ್ಸ್ ಮಾಡುವಾಗ ಅಂಚು ಕತ್ತರಿಸಿ ಹೋಗಿ ಕೊನೆಯ ಮೂರು ಅಂಕಿಗಳು ಕಾಣೆಯಾಗುತ್ತಿದ್ದವು. ಅರ್ಜಿ ತಾಲ್ಲೂಕಿನಲ್ಲಿರುವ ಒಕ್ಕೂಟದ ಶಿಬಿರ ಕಚೇರಿಯಿಂದ ಹಿಂದಿರುಗುತ್ತಿತ್ತು. ನನ್ನ 1,400 ಸಾಲುಗಳ ಪಟ್ಟಿಯಲ್ಲಿ ಈ ನಮೂನೆ ಇತ್ತು, ಆದರೆ ಹಸು ಸತ್ತ ಮನೆಯವರು ಎರಡೆರಡು ಸಲ ತಾಲ್ಲೂಕಿಗೆ ಅಲೆಯುವುದು ಇರಲಿಲ್ಲ.

ಅಲ್ಲಿಂದ ಮುಂದೆ ಪೆನ್ಸಿಲ್ ಎದುರಿನವರ ಕೈಗೆ ಹೋಗುವ ತನಕ ನಾನು ಯಾವ ನಕ್ಷೆಯನ್ನೂ ನಂಬಲಿಲ್ಲ. ಅದಕ್ಕಾಗಿ ಒಂದು ಕಡೆ ಬೇಕೆಂದೇ ತಪ್ಪು ಗೆರೆ ಎಳೆಯುತ್ತಿದ್ದೆ. ಆ ತಪ್ಪನ್ನು ಎಲ್ಲಿ ಇಡಬೇಕು, ಮೊದಲ ಪ್ರಶ್ನೆ ಯಾರಿಗೆ ಹಾಕಬೇಕು ಎಂಬುದು ನನ್ನ ಹೊಟ್ಟೆಪಾಡಿನ ಗುಟ್ಟು, ಇಲ್ಲಿ ಬರೆಯಲಾರೆ. ಫೋನು ಮತ್ತು ವಾಟ್ಸಾಪ್ ಧ್ವನಿ ಸಂದೇಶದಲ್ಲಿ ಬರುವ ಸೂಚನೆಗಳಿಗೆ ಕೆಂಪು ಪೆನ್ಸಿಲ್ ಮೀಸಲಿಟ್ಟೆ. ಸುಮಾರು ನಲವತ್ತು ಸಂಘಗಳನ್ನು ಸುತ್ತುವಷ್ಟರಲ್ಲಿ ಹಾಳೆಗಳಲ್ಲಿ ಕಪ್ಪಿಗಿಂತ ಕೆಂಪೇ ಹೆಚ್ಚಾಗಿತ್ತು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಬಟ್ಟೆಯ ಮೇಲೆ ಮಾರ್ಕರ್‌ನಿಂದ ಬರೆದದ್ದು ಅಳಿಸಲು ಬಾರದೆ ಕೆಟ್ಟಿತು. ನಕ್ಷೆಯ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಅಚ್ಚುಕಟ್ಟು ಮಾಡಿ ಕೊಟ್ಟರೆ ಅದನ್ನು ಯಾರೂ ತಿದ್ದಲಿಲ್ಲ. ಅಚ್ಚಾದದ್ದೆಲ್ಲ ಆದೇಶವೆಂದು ನಮ್ಮ ಕಚೇರಿಗಳು ತಿಳಿಯುತ್ತವೆ. ಟ್ರೇಸಿಂಗ್ ಕಾಗದ ಮಾತ್ರ ಚೆನ್ನಾಗಿ ಒದಗಿತು. ಅರ್ಜಿಗಳು ಸಾಗುವ ದಾರಿಯ ನಕ್ಷೆಯ ಮೇಲೆ ಅದನ್ನು ಹಾಸಿ ಹಣದ ದಾರಿ ಬರೆದಾಗ, ಹಾಲಿನ ಬಟವಾಡೆ ಒಕ್ಕೂಟದಿಂದ ಸಂಘದ ಮೂಲಕ ಬರುವುದೂ, ಲೀಟರಿಗೆ 5 ರೂಪಾಯಿಯ ಸರ್ಕಾರಿ ಪ್ರೋತ್ಸಾಹಧನ ಬೇರೆ ದಾರಿಯಲ್ಲಿ ನೇರವಾಗಿ ಉತ್ಪಾದಕರ ಖಾತೆಗೆ ಬೀಳುವುದೂ ಎರಡು ಗೆರೆಗಳಾಗಿ ಕಂಡವು. ಜಾಲತಾಣದಲ್ಲಿ ಎರಡೂ ಒಂದೇ ಪುಟದಲ್ಲಿ ಕಲಸಿದ್ದವು, ಪ್ರೋತ್ಸಾಹಧನ ತಡವಾದಾಗಲೆಲ್ಲ ಜನ ಕಾರ್ಯದರ್ಶಿಯ ಮೇಲೆ ಮುಗಿಬೀಳುತ್ತಿದ್ದರು. ಆ ಪುಟವನ್ನು ಎರಡು ಮಾಡಿದ್ದು ಈ ಕೆಲಸದಲ್ಲೇ ನನಗೆ ಅತಿ ಹೆಚ್ಚು ತೃಪ್ತಿ ತಂದ ಸಂಗತಿ.

ಹಾಳೆ, ಪೆನ್ಸಿಲ್, ರಬ್ಬರಿಗೆ ನಾಲ್ಕು ಸಾವಿರವೂ ಆಗಲಿಲ್ಲ. ಓಡಾಟಕ್ಕೆ ಹದಿನೆಂಟು ಸಾವಿರದಷ್ಟು ಆಗಿರಬೇಕು. ಮೂವತ್ತೇಳು ನಮೂನೆಗಳು ಹದಿನಾರಕ್ಕೆ ಇಳಿದವು. ಡ್ರಾಯಿಂಗ್ ತರಗತಿ ನಡೆಸುತ್ತಿದ್ದೀರಾ ಎಂದು ಕೇಳಿದ್ದ ಅಧಿಕಾರಿಯವರೇ ವಿಮೆಯ ನಕ್ಷೆಯನ್ನು ಶಿಬಿರ ಕಚೇರಿಯ ಗೋಡೆಗೆ ಹಾಕಿಸಿದ್ದಾರೆ. ಹೋದ ತಿಂಗಳು ನೋಡಿದಾಗ ಅದರಲ್ಲಿ ನನ್ನದಲ್ಲದ ಎರಡು ಹೊಸ ಗೆರೆಗಳಿದ್ದವು.