ಮೊದಲು ಅಕ್ಷರ, ಆಮೇಲೆ ಚಿನ್ನ, ಕೊನೆಗೆ ಬಣ್ಣ

ಕ್ಯಾಲಿಗ್ರಫಿ ಕಲಿಯಲು ಬರುವ ಹೆಚ್ಚಿನವರ ಕಣ್ಣು ಚಿನ್ನದ ಮೇಲಿರುತ್ತದೆ. ಹಳೆಯ ಹಸ್ತಪ್ರತಿಗಳಲ್ಲಿ ಹೊಳೆಯುವ ದೊಡ್ಡ ಮೊದಲಕ್ಷರವನ್ನು ನೋಡಿ ಮರುಳಾಗಿ ಬಂದಿರುತ್ತಾರೆ. ಆ ಆಸೆಯನ್ನು ತಣಿಸಿಯೇ ಕಳಿಸುತ್ತೇನೆ. ಆದರೆ ನಾನು ನಡೆಸುವ ಒಂದು ದಿನದ ಶಿಬಿರದಲ್ಲಿ ಅರ್ಧ ಹೊತ್ತು ಪೆನ್ನಿನ ಕೋನಕ್ಕೇ ಮೀಸಲು. ಅಲಂಕಾರಕ್ಕೆ ಹೆಸರಾದ, ಸುಮಾರು ಕ್ರಿ.ಶ. 800ರ ಹೊತ್ತಿನ ‘ಬುಕ್ ಆಫ್ ಕೆಲ್ಸ್’ ಹಸ್ತಪ್ರತಿಯಲ್ಲಿ ಚಿನ್ನವೇ ಇಲ್ಲ, ಅದರ ಹೊಳೆಯುವ ಹಳದಿ ಆರ್ಪಿಮೆಂಟ್ ಎಂಬ ಖನಿಜದ್ದು ಎಂದು ಹೇಳಿದರೆ ಅಕ್ಷರಕ್ಕೆ ಇಷ್ಟು ಹೊತ್ತು ಯಾಕೆ ಎಂದು ಯಾರೂ ಕೇಳುವುದಿಲ್ಲ.

ಶಾಯಿ ಮುಟ್ಟುವ ಮೊದಲು ಎರಡು ಪೆನ್ಸಿಲ್‌ಗಳನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಸುತ್ತಿ ಕೊಡುತ್ತೇನೆ. ಆ ಎರಡು ತುದಿಗಳು ಚಪ್ಪಟೆ ನಿಬ್ಬಿನ ಎರಡು ಮೂಲೆಗಳಿದ್ದ ಹಾಗೆ. ಸಾಲಿಗೆ 30 ಡಿಗ್ರಿ ಓರೆಯಾಗಿ ಹಿಡಿದು, ಬೆರಳಲ್ಲಿ ತಿರುಗಿಸದೆ ವೃತ್ತ ಬರೆಯಬೇಕು. ಗಡಿಯಾರದ 11 ಮತ್ತು 5 ಗಂಟೆಯ ಜಾಗದಲ್ಲಿ ಎರಡೂ ಗೆರೆಗಳು ಒಂದಾಗಿ, ಅಲ್ಲಿಂದಾಚೆ ಮತ್ತೆ ಅಗಲವಾಗುತ್ತವೆ. ದಪ್ಪ, ತೆಳು ಎರಡೂ ಕೋನದಿಂದ ಹುಟ್ಟುತ್ತವೆ, ಒತ್ತುವುದರಿಂದಲ್ಲ. ಇದನ್ನು ನಾನು ಬಾಯಲ್ಲಿ ಎಷ್ಟು ಹೇಳಿದರೂ ತಲುಪುವುದಿಲ್ಲ. ಪೆನ್ಸಿಲ್ ಜೋಡಿ ಕಣ್ಣೆದುರೇ ತೋರಿಸಿಬಿಡುತ್ತದೆ.

ಆಮೇಲೆ ನಿಬ್. ಹೊಸ ನಿಬ್ಬಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಅದನ್ನು ಸೋಪು ನೀರಿನಲ್ಲಿ ತೊಳೆದು ಒರೆಸದಿದ್ದರೆ ಶಾಯಿ ಹನಿಗಟ್ಟುತ್ತದೆ. ನಾನು ಕಲಿಸುವುದು ಫೌಂಡೇಶನಲ್ ಶೈಲಿ. ಬ್ರಿಟಿಷ್ ಲೈಬ್ರರಿಯಲ್ಲಿರುವ, 10ನೇ ಶತಮಾನದ ರ‍್ಯಾಮ್ಸಿ ಸಾಲ್ಟರ್ ಎಂಬ ಕೀರ್ತನೆಗಳ ಹಸ್ತಪ್ರತಿಯ ಬರಹವನ್ನು ಆಧರಿಸಿ ಬ್ರಿಟಿಷ್ ಲಿಪಿಕಾರ ಎಡ್ವರ್ಡ್ ಜಾನ್‌ಸ್ಟನ್ ರೂಪಿಸಿದ ಬರವಣಿಗೆ ಅದು. ಅಕ್ಷರದ ಒಡಲಿನ ಎತ್ತರ ನಿಬ್ಬಿನ ಅಗಲದ 4 ಪಟ್ಟು, ಅಂದರೆ 3 ಮಿಲಿಮೀಟರ್ ನಿಬ್ಬಿಗೆ 12 ಮಿಲಿಮೀಟರ್. ಪೂರ್ತಿ ಇಂಗ್ಲಿಷ್ ವರ್ಣಮಾಲೆಯನ್ನು ಹಂಚಲು ನನಗೆ ಮನಸ್ಸಿಲ್ಲ. ಇಪ್ಪತ್ತಾರು ಅಕ್ಷರ ಕೊಟ್ಟರೆ ಪ್ರತಿಯೊಂದನ್ನೂ ಒಂದೊಂದು ಸಲ ಬರೆದು ಮುಂದಕ್ಕೆ ಓಡುತ್ತಾರೆ. ‘ಓ’ ಮತ್ತು ‘ಎನ್’ ಎರಡೇ ಕೊಡುತ್ತೇನೆ. ಸಿ, ಇ, ಡಿ ‘ಓ’ದಿಂದ, ಎಚ್, ಎಂ, ಆರ್ ‘ಎನ್‌’ನಿಂದ ತಾವಾಗಿ ಬರುತ್ತವೆ. ಅದು ಕೈಗೆ ಹತ್ತಿದವರಿಗೆ ಅದೇ ನಿಬ್ಬಿನಲ್ಲಿ ಕನ್ನಡದ ‘ಠ’ ಬರೆಯಲು ಹೇಳುತ್ತೇನೆ. ನಮ್ಮ ದುಂಡು ಅಕ್ಷರದೊಳಗೂ ದಪ್ಪ–ತೆಳು ಮೂಡುವುದನ್ನು ಕಂಡಾಗ ಅವರಿಗಿಂತ ಹೆಚ್ಚು ಖುಷಿ ನನಗೇ. ಎಡಗೈಯವರಿಗೆ ಓರೆ ಕತ್ತರಿಸಿದ ನಿಬ್ ಮೊದಲೇ ತೆಗೆದಿಟ್ಟಿರುತ್ತೇನೆ. ಕಾಗದವನ್ನು ತಮಗೆ ಒಗ್ಗುವಷ್ಟು ತಿರುಗಿಸಿಕೊಳ್ಳಲಿ.

ಮಧ್ಯಾಹ್ನ ಚಿನ್ನ. ಬಣ್ಣ ತುಂಬುವ ಮೊದಲೇ ಚಿನ್ನ ಅಂಟಿಸಬೇಕು. ನಾವು ಬಳಸುವ ಗ್ವಾಶ್ ಎಂಬ ದಟ್ಟ ಜಲವರ್ಣದಲ್ಲಿ ಗೋಂದು ಇರುತ್ತದೆ. ಉಸಿರಿನ ತೇವ ತಾಗಿದರೆ ಚಿನ್ನದ ರೇಕು, ಅಂದರೆ ತೀರಾ ತೆಳು ಹಾಳೆ, ಅಲ್ಲಿಗೂ ಅಂಟಿಕೊಳ್ಳುತ್ತದೆ. ಚಿನ್ನಕ್ಕೆ ಹೊಳಪು ಕೊಡಲು ಉಜ್ಜುವ ಕಲ್ಲು ತಗುಲಿದರೆ ಬಣ್ಣವೂ ಗೀಚಿಹೋಗುತ್ತದೆ. ಉಬ್ಬು ಚಿನ್ನಕ್ಕೆ ಅಡಿಯಲ್ಲಿ ಹಚ್ಚಬೇಕಾದ ಗೆಸ್ಸೊ ಎಂಬ ದಪ್ಪ ಲೇಪ ಆರಂಭಿಕರಿಗೆ ಬೇಡವೆಂದೇ ನನ್ನ ಅಭಿಪ್ರಾಯ. ಅದನ್ನು ಹದಗೊಳಿಸುವುದೇ ಬೇರೆ ವಿದ್ಯೆ. ಗಮ್ ಅಮೋನಿಯಾಕ್ ಎಂಬ ಗಿಡದ ಅಂಟು ಸಾಕು. ಕಾಗದದ ಮೇಲೆ ಎದ್ದು ಕಾಣಲೆಂದು ಅದಕ್ಕೆ ಚೂರು ಕೆಂಪು ಬೆರೆಸಿ, ಕುಂಚದಲ್ಲಿ ಮೊದಲಕ್ಷರದೊಳಗೆ ಹಚ್ಚಿ ಒಣಗಲು ಬಿಡುತ್ತೇವೆ. ಫ್ಯಾನ್ ಆರಿಸಿರಬೇಕು. ಕಾಗದದ ಕೊಳವೆಯೊಂದನ್ನು ಬಾಯಿಗಿಟ್ಟು ಹೊಟ್ಟೆಯೊಳಗಿಂದ ಬೆಚ್ಚನೆಯ ಉಸಿರು ಬಿಟ್ಟರೆ ಒಣಗಿದ ಅಂಟು ಮತ್ತೆ ಜಿಗುಟಾಗುತ್ತದೆ. ಊದಬಾರದು, ತಣ್ಣನೆಯ ಗಾಳಿಯಿಂದ ಏನೂ ಆಗದು. ತಕ್ಷಣ ಟಿಶ್ಯೂಗೆ ಅಂಟಿಸಿದ ರೇಕನ್ನು ಮಗುಚಿ ಇಟ್ಟು, ಬೆನ್ನಿನ ಮೇಲೆ ಬೆರಳಿನಿಂದ ಒತ್ತಬೇಕು. ಅಂಟು ಇಲ್ಲದ ಕಡೆಯ ಚೂರುಗಳನ್ನು ಮೆತ್ತನೆ ಕುಂಚದಿಂದ ಸರಿಸಿದರೆ ಅಕ್ಷರದ ಅಂಚು ಹೊರಬರುತ್ತದೆ. ಎಲ್ಲಾದರೂ ಬರಿದಾಗಿ ಕಂಡರೆ ಅಲ್ಲೇ ಮತ್ತೆ ಉಸಿರು, ಮತ್ತೊಂದು ತುಂಡು. ಗ್ಲಾಸಿನ್ ಎಂಬ ನುಣುಪಾದ ತೆಳು ಕಾಗದ ಹೊದಿಸಿ ಅಗೇಟ್ ಕಲ್ಲಿನಿಂದ ಹಗುರವಾಗಿ ಉಜ್ಜುತ್ತೇವೆ.

ಬಣ್ಣಕ್ಕೆ ಉಳಿಯುವ ಹೊತ್ತು ಕಡಿಮೆ. ಗ್ವಾಶನ್ನು ಮಜ್ಜಿಗೆಯ ಹದಕ್ಕೆ ಕಲಸಿ ಸಮನಾಗಿ ತುಂಬುತ್ತೇವೆ. ಅದು ಒಣಗಿದ ಮೇಲೆ ಸಣ್ಣ ಕುಂಚದಿಂದ ಕಪ್ಪು ಅಂಚು, ಅದರ ನಂತರ ಬಿಳಿ ಚುಕ್ಕೆ. ಪೆನ್ಸಿಲ್ ಗೆರೆಗಳನ್ನು ಮರುದಿನ, ಎಲ್ಲವೂ ಚೆನ್ನಾಗಿ ಒಣಗಿದ ಮೇಲೆಯೇ ಅಳಿಸಿ, ರಬ್ಬರ್ ಚಿನ್ನದ ಹತ್ತಿರ ಸುಳಿಯದಿರಲಿ ಎಂದು ಹೇಳಿ ಕಳಿಸುತ್ತೇನೆ.