ಹಳೆ ಫೋಟೊ ಆಧಾರವಾಗಬೇಕಾದರೆ ಹಿಂಬದಿಯೂ ಬೇಕು

ವಂಶವೃಕ್ಷಕ್ಕೆ ಹಳೆ ಫೋಟೊವನ್ನು ಆಧಾರವಾಗಿ ಕೊಡುವಾಗ ಹಿಂಬದಿಯನ್ನೂ 600 ಡಿಪಿಐನಲ್ಲಿ (ಅಂಗುಲಕ್ಕೆ 600 ಚುಕ್ಕೆ) ಸ್ಕ್ಯಾನ್ ಮಾಡಿ, ಎರಡಕ್ಕೂ ಒಂದೇ ಸಂಖ್ಯೆ ಕೊಡಿ (12-ಮುಂದೆ, 12-ಹಿಂದೆ). ಟಿಪ್ಪಣಿಯಲ್ಲಿ ಫೋಟೊ ಮೇಲೆ ಇರುವುದನ್ನೂ ಜನ ಹೇಳಿದ್ದನ್ನೂ ಬೇರೆ ಬೇರೆ ಬರೆಯಿರಿ: ಮೂಲಪ್ರತಿ ಯಾರ ಮನೆಯಲ್ಲಿದೆ, ಅಳತೆ, ಸ್ಟುಡಿಯೋ ಮುದ್ರೆ, ಕೈಬರಹ ಇದ್ದದ್ದು ಇದ್ದ ಹಾಗೆ, ಆಮೇಲೆ, ಎಡದಿಂದ ಎಷ್ಟನೆಯವರನ್ನು ಯಾರು, ಯಾವತ್ತು ಗುರುತಿಸಿದರು. ಮುಖಕ್ಕೆ ಹೆಸರು ಬರುವುದು ಗುರುತಿಸಿದವರ ನೆನಪಿನಿಂದ. ನಾಳೆ ಇನ್ನೊಬ್ಬರು ಬೇರೆ ಹೆಸರು ಹೇಳಿದರೆ ತೂಗಿ ನೋಡಲು ಈ ವಿವರ ಬೇಕೇ ಬೇಕು. ಹಿಂದೆ ಬರೀ ‘ದೊಡ್ಡಮ್ಮ, ಧಾರೆಯ ದಿನ’ ಎಂದಿದ್ದರೆ, ಯಾರಿಗೆ ದೊಡ್ಡಮ್ಮ? ಅಕ್ಷರ ಯಾರದೆಂದು ಗೊತ್ತಾಗುವ ತನಕ ಆ ಹೆಂಗಸನ್ನು ಯಾವ ಕೊಂಬೆಗೂ ಸೇರಿಸಬೇಡಿ. ಮುದ್ರೆಯಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಆ ಮುದ್ರೆ 1972ರ ಆಗಸ್ಟ್ 15ಕ್ಕಿಂತ ಹಿಂದಿನದಲ್ಲ, ಪಿನ್ ಶುರುವಾದದ್ದೇ ಆವತ್ತು. ಆದರೆ ಇದು ಕೈಕೊಡುವುದೂ ಉಂಟು: ತೀರಿಹೋದವರ ಪಟಕ್ಕೆಂದು ಗುಂಪು ಫೋಟೊದಿಂದ ಒಬ್ಬರನ್ನೇ ಕತ್ತರಿಸಿ ದೊಡ್ಡದು ಮಾಡಿಸಿದ ಪ್ರತಿಗಳಲ್ಲಿ ಮುದ್ರೆ ಹೇಳುವುದು ಪ್ರತಿಯ ಕಾಲವನ್ನು, ಫೋಟೊ ತೆಗೆದ ಕಾಲವನ್ನಲ್ಲ. ಅಂಥದಕ್ಕೆ ‘ನಕಲು’ ಎಂದು ಸ್ಪಷ್ಟವಾಗಿ ಬರೆಯಿರಿ. ತೇವಕ್ಕೆ ಗಾಜಿಗೆ ಅಂಟಿಕೊಂಡಿರುವ ಪಟವನ್ನಂತೂ ಕೀಳಲು ಹೋಗಬೇಡಿ, ಮುಖವೇ ಗಾಜಿನ ಜೊತೆ ಎದ್ದುಬರುತ್ತದೆ; ಬೆಳಕು ಓರೆಯಾಗಿ ಬೀಳುವಂತಿಟ್ಟು ಗಾಜಿನ ಮೇಲಿಂದಲೇ ಫೋಟೊ ತೆಗೆದು, ‘ಹಿಂಬದಿ ನೋಡಿಲ್ಲ’ ಎಂದು ನಮೂದಿಸಿ.