ಕಬ್ಬಿನ ಹಂಗಾಮಿಗೆ ಸ್ಟ್ಯಾಂಡ್‌ಬೈ ಡೇಟಾಬೇಸ್: ಜಮಖಂಡಿಯಿಂದ ಬೆಳಗಾವಿಗೆ

ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಯೊಂದರ ತೂಕದ ಲೆಕ್ಕ ಪೋಸ್ಟ್‌ಗ್ರೆಸ್ 16 ಎಂಬ ಡೇಟಾಬೇಸ್‌ನಲ್ಲಿದೆ. ಅದರ ಸ್ಟ್ಯಾಂಡ್‌ಬೈ, ಅಂದರೆ ಸದಾ ಜೊತೆಗೇ ಸಾಗುವ ನಕಲು ಸರ್ವರ್, ಬೆಳಗಾವಿ ಕಚೇರಿಯಲ್ಲಿ. ಸ್ಟ್ಯಾಂಡ್‌ಬೈ ಎಬ್ಬಿಸುವುದು ಕಷ್ಟದ ಕೆಲಸವಲ್ಲ; ನಡುವಿನ ಲೈನ್ ಕಡಿದ ಮೇಲೆ ಏನಾಗಬೇಕು ಎಂದು ತೀರ್ಮಾನಿಸುವುದೇ ನಿಜವಾದ ಕೆಲಸ.

ಪ್ರೈಮರಿಯಲ್ಲಿ (ಕಾರ್ಖಾನೆಯ ಮೂಲ ಸರ್ವರ್) ರೆಪ್ಲಿಕೇಶನ್, ಅಂದರೆ ನಕಲಿಸುವ, ಹಕ್ಕಿರುವ ಬೇರೆಯೇ ಯೂಸರ್ ಮಾಡಿಕೊಂಡೆ. ಯಾರು ಎಲ್ಲಿಂದ ಸಂಪರ್ಕಿಸಬಹುದು ಎಂದು ಹೇಳುವ ಪಿಜಿ_ಎಚ್‌ಬಿಎ ಫೈಲ್‌ನಲ್ಲಿ ಡೇಟಾಬೇಸ್ ಕಾಲಂನಲ್ಲಿ ‘ರೆಪ್ಲಿಕೇಶನ್’ ಎಂದೇ ಬರೆಯಬೇಕು, ‘ಆಲ್’ ಎಂದರೆ ಅದರಲ್ಲಿ ಇದು ಸೇರುವುದಿಲ್ಲ. ಸಾಲು ‘ಹೋಸ್ಟ್’ ಅಲ್ಲ, ‘ಹೋಸ್ಟ್‌ಎಸ್‌ಎಸ್‌ಎಲ್’ (ಗೂಢಲಿಪಿ ಸಂಪರ್ಕ ಮಾತ್ರ), ವಿಳಾಸ /32 (ಒಂದೇ ಯಂತ್ರ), ಪಾಸ್‌ವರ್ಡ್ ತಪಾಸಣೆಯ ವಿಧಾನ ಸ್ಕ್ರಾಮ್-ಶಾ-256. ಮೊದಲು ಹೊಂದುವ ಸಾಲೇ ಗೆಲ್ಲುವುದರಿಂದ, ಮೇಲೆಲ್ಲೋ ಪಾಸ್‌ವರ್ಡನ್ನೇ ಕೇಳದ ಹಳೆಯ ‘ಟ್ರಸ್ಟ್’ ಸಾಲು ಉಳಿದಿದ್ದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ.

ನಂತರ ಬೆಳಗಾವಿಯಿಂದ, ಪ್ರೈಮರಿಯ ಪೂರ್ತಿ ನಕಲು ತರುವ ಪಿಜಿ_ಬೇಸ್‌ಬ್ಯಾಕಪ್ ಕಮಾಂಡ್. ದೊಡ್ಡ ಸಿ ಮತ್ತು ದೊಡ್ಡ ಎಸ್ ಆಯ್ಕೆಗಳು ಸ್ಲಾಟ್ ಮಾಡಿಕೊಡುತ್ತವೆ, ದೊಡ್ಡ ಆರ್ ಸ್ಟ್ಯಾಂಡ್‌ಬೈ.ಸಿಗ್ನಲ್ ಫೈಲ್ ಇಟ್ಟು ಪ್ರೈಮರಿಗೆ ಸಂಪರ್ಕಿಸುವ ವಿವರವಿರುವ ಪ್ರೈಮರಿ_ಕಾನ್‌ಇನ್ಫೋ ಬರೆಯುತ್ತದೆ. ಶುರುವಿನಲ್ಲಿ ಏನೂ ಅಲುಗಾಡದೆ ನಿಂತಂತೆ ಕಂಡರೆ ಗಾಬರಿ ಬೇಡ, ಅದು ಚೆಕ್‌ಪಾಯಿಂಟ್‌ಗೆ (ಮೆಮೊರಿಯ ಬದಲಾವಣೆಗಳು ಡಿಸ್ಕ್‌ಗೆ ಇಳಿಯುವುದಕ್ಕೆ) ಕಾಯುತ್ತಿರುತ್ತದೆ. ಚೆಕ್‌ಪಾಯಿಂಟ್ ‘ಫಾಸ್ಟ್’ ಎಂದು ಕೊಟ್ಟರೆ ಬೇಗ ಹೊರಡುತ್ತದೆ. ಪಾಸ್‌ವರ್ಡ್ ಅನ್ನು ಕಮಾಂಡ್‌ನಲ್ಲಿ ಕೊಟ್ಟರೆ ಅದು ಆಟೋ.ಕಾನ್ಫ್‌ನಲ್ಲಿ ಬಯಲಾಗಿ ಕೂರುತ್ತದೆ. ಅದಕ್ಕೇ 0600 ಅನುಮತಿಯ ಪಾಸ್‌ಫೈಲ್.

ಇನ್ನು ಸ್ಲಾಟ್. ಸ್ಟ್ಯಾಂಡ್‌ಬೈ ಓದುವವರೆಗೆ ಪ್ರೈಮರಿ ವಾಲ್ (ಪ್ರತಿ ಬದಲಾವಣೆಯ ದಾಖಲೆ) ಫೈಲ್‌ಗಳನ್ನು ಅಳಿಸದಂತೆ ಇದು ತಡೆಯುತ್ತದೆ. ಮಿತಿ ಹಾಕದಿದ್ದರೆ ಎಷ್ಟು ದಿನ ಬೇಕಾದರೂ. ಒಂದು ಫೈಲ್ 16 ಎಂಬಿ. ಹಂಗಾಮಿನಲ್ಲಿ ನಿಮಿಷಕ್ಕೊಂದು ಎಂದು ಹಿಡಿದರೂ ಗಂಟೆಗೆ 960 ಎಂಬಿ, ದಿನಕ್ಕೆ 22 ಜಿಬಿ ಮೇಲೆ. ರಸ್ತೆ ಅಗೆತದಲ್ಲಿ ಫೈಬರ್ ತುಂಡಾಗಿ ನಾಲ್ಕೈದು ದಿನ ಬಿದ್ದುಕೊಂಡರೆ ಪ್ರೈಮರಿಯ ಡಿಸ್ಕ್ ತುಂಬಿ ತೂಕದ ಕಾಟಾನೇ ನಿಂತು, ಗೇಟಿನಾಚೆ ಟ್ರ್ಯಾಕ್ಟರ್ ಸಾಲು ಬೆಳೆಯುತ್ತದೆ. ಡಿಸ್ಕ್‌ನಲ್ಲಿ 100 ಜಿಬಿ ಖಾಲಿ ಇರುವ ಕಡೆ ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್ 60 ಜಿಬಿ ಇಡುತ್ತೇನೆ. ಮಿತಿ ಮೀರಿದರೆ ಪಿಜಿ_ರೆಪ್ಲಿಕೇಶನ್_ಸ್ಲಾಟ್ಸ್‌ನಲ್ಲಿ ವಾಲ್_ಸ್ಟೇಟಸ್ ‘ಲಾಸ್ಟ್’ ಆಗುತ್ತದೆ; ವಾಲ್ ಫೈಲ್‌ಗಳನ್ನು ಬೇರೆಡೆ ಕೂಡಿಟ್ಟ ಆರ್ಕೈವ್ ಇಲ್ಲದಿದ್ದರೆ ಸ್ಟ್ಯಾಂಡ್‌ಬೈ ಮತ್ತೆ ಮೊದಲಿನಿಂದ. ಆಗಲಿ, ಕಾರ್ಖಾನೆ ನಿಲ್ಲುವುದಕ್ಕಿಂತ ಅದೇ ವಾಸಿ.

ಸ್ಟ್ಯಾಂಡ್‌ಬೈಯ ಹಿಂದುಳಿಕೆಯನ್ನು ಕೊನೆಯ ವಹಿವಾಟಿನ ಸಮಯದಿಂದ ಅಳೆಯಬೇಡಿ. ನುರಿಕೆ ಮುಗಿದ ಮೇಲೆ ವಹಿವಾಟೇ ಇರದೆ ಆ ಅಂಕಿ ಸುಮ್ಮನೆ ಏರುತ್ತದೆ, ರಾತ್ರಿಯೆಲ್ಲ ಸುಳ್ಳು ಅಲಾರಂ. ಪಿಜಿ_ಸ್ಟ್ಯಾಟ್_ರೆಪ್ಲಿಕೇಶನ್‌ನಲ್ಲಿ ರಿಪ್ಲೇ ಎಲ್‌ಎಸ್‌ಎನ್ (ಸ್ಟ್ಯಾಂಡ್‌ಬೈ ವಾಲ್‌ನಲ್ಲಿ ಎಲ್ಲಿಯವರೆಗೆ ಅನ್ವಯಿಸಿದೆ ಎಂಬ ಗುರುತು) ಎಷ್ಟು ಬೈಟ್ ಹಿಂದಿದೆ ನೋಡಿ.

ಸಂಪರ್ಕದ ಭದ್ರತೆಯಲ್ಲಿ ಹೆಚ್ಚಿನವರು ಎಡವುವುದು ಎಸ್‌ಎಸ್‌ಎಲ್‌ಮೋಡ್ ಎಂಬ ಆಯ್ಕೆಯಲ್ಲಿ. ತಾನಾಗಿಯೇ ಇರುವುದು ‘ಪ್ರಿಫರ್’. ಸರ್ವರ್ ಟಿಎಲ್‌ಎಸ್ (ಗೂಢಲಿಪಿ ಸಂಪರ್ಕ) ಕೊಡದಿದ್ದರೆ ಅದು ಸದ್ದಿಲ್ಲದೆ ತೆರೆದ ಸಂಪರ್ಕಕ್ಕೆ ಇಳಿಯುತ್ತದೆ. ‘ಹೋಸ್ಟ್‌ಎಸ್‌ಎಸ್‌ಎಲ್’ ಅದನ್ನು ತಡೆಯುತ್ತದೆ ನಿಜ, ಆದರೆ ಆಚೆ ತುದಿಯಲ್ಲಿರುವುದು ನಮ್ಮ ಸರ್ವರ್ರೇ ಎಂದು ಬೆಳಗಾವಿಯ ಯಂತ್ರಕ್ಕೆ ಖಾತ್ರಿಯಾಗಲು ‘ವೆರಿಫೈ-ಫುಲ್’ ಬೇಕು, ಜೊತೆಗೆ ನಮ್ಮದೇ ಸಿಎಯ (ಸರ್ಟಿಫಿಕೇಟ್‌ಗೆ ಸಹಿ ಹಾಕುವ ಪ್ರಾಧಿಕಾರ) ರೂಟ್ ಸರ್ಟಿಫಿಕೇಟ್. ಸರ್ಟಿಫಿಕೇಟ್‌ನಲ್ಲಿ ಐಪಿ ಹಾಕದೆ ಹೆಸರು ಹಾಕಿ, ಅದನ್ನೇ ಪ್ರೈಮರಿ_ಕಾನ್‌ಇನ್ಫೋದಲ್ಲೂ ಬಳಸುತ್ತೇನೆ. ಲೈನ್ ಬದಲಾಗಿ ಐಪಿ ಬದಲಾದರೆ ಹೋಸ್ಟ್ಸ್ ಫೈಲ್ ತಿದ್ದಿದರೆ ಸಾಕು. ಸಿಎಯ ಗುಪ್ತ ಕೀ ಎರಡರಲ್ಲಿ ಯಾವ ಸರ್ವರ್‌ನಲ್ಲೂ ಇರಬಾರದು.

ಸರ್ಟಿಫಿಕೇಟ್ ಅವಧಿ ಮುಗಿದ ಕ್ಷಣ ಏನೂ ಆಗುವುದಿಲ್ಲ. ತಪಾಸಣೆ ನಡೆಯುವುದು ಸಂಪರ್ಕ ಹೂಡುವಾಗ ಮಾತ್ರ. ವಾರ ಕಳೆದು ಲೈನ್ ಒಮ್ಮೆ ಕಡಿದಾಗ ಸ್ಟ್ಯಾಂಡ್‌ಬೈ ಮರಳಿ ಸೇರಿಕೊಳ್ಳುವುದಿಲ್ಲ, ಎಲ್ಲರೂ ನೆಟ್‌ವರ್ಕ್ ಬೈಯುತ್ತ ಕೂರುತ್ತಾರೆ. ಅವಧಿ ಜುಲೈಗೆ ಮುಗಿಯುವಂತೆ ಮಾಡಿಸುತ್ತೇನೆ, ಆಗ ನುರಿಕೆ ಇರುವುದಿಲ್ಲ. ಹೊಸದನ್ನು ಇಟ್ಟು ರೀಲೋಡ್ ಕೊಟ್ಟರಾಯಿತು, ರೀಸ್ಟಾರ್ಟ್ ಬೇಡ.

ಸ್ಟ್ಯಾಂಡ್‌ಬೈಯನ್ನೇ ಪ್ರೈಮರಿಯಾಗಿ ಪ್ರಮೋಟ್ ಮಾಡುವ ಪ್ರಸಂಗ ಬಂದರೆ ಮೊದಲು ಹಳೆಯ ಪ್ರೈಮರಿಯ ನೆಟ್‌ವರ್ಕ್ ಕೇಬಲ್ ಕೀಳಿಸಿ, ಆಮೇಲೆ ಪಿಜಿ_ಪ್ರಮೋಟ್. ಎರಡೂ ಕಡೆ ತೂಕ ದಾಖಲಾದರೆ ಯಾವ ರೈತನ ಯಾವ ಚೀಟಿ ಸರಿ ಎಂದು ಬಿಡಿಸುವುದಕ್ಕೆ ಯಾವ ಕಮಾಂಡೂ ಇಲ್ಲ. ಹಳೆಯ ಯಂತ್ರವನ್ನು ಪಿಜಿ_ರಿವೈಂಡ್‌ನಿಂದ ಸ್ಟ್ಯಾಂಡ್‌ಬೈ ಮಾಡಬಹುದು, ಅದಕ್ಕೆ ಡೇಟಾ ಚೆಕ್‌ಸಮ್ ಅಥವಾ ವಾಲ್_ಲಾಗ್_ಹಿಂಟ್ಸ್ ಮೊದಲೇ ಆನ್ ಇರಬೇಕು. ಹಿಂಟ್ಸ್ ಆನ್ ಮಾಡಲು ರೀಸ್ಟಾರ್ಟ್ ಬೇಕಾದ್ದರಿಂದ ಅದು ಬಾಯ್ಲರ್ ಹೊತ್ತಿಸುವ ಮುಂಚಿನ ಕೆಲಸ.